ಹೆಸರು ಒಂದು, ಬಳ್ಳಿ ಇನ್ನೊಂದು: ದ್ರಾಕ್ಷಿ ತಳಿಯ ಗುರುತಿಗೆ ಹೊಣೆ ಯಾರು?

ನೂಲಿಗೆ ಕೌಂಟು, ಉಕ್ಕಿಗೆ ಗ್ರೇಡು, ಬಂಗಾರಕ್ಕೆ ಹಾಲ್‌ಮಾರ್ಕ್. ಸರಕು ಯಾವುದೇ ಇರಲಿ, ಅದರ ಹೆಸರು ನಿಜವೇ ಎಂದು ಪರೀಕ್ಷಿಸಲು ವ್ಯಾಪಾರ ಪ್ರಪಂಚವು ಒಂದಲ್ಲ ಒಂದು ಒರೆಗಲ್ಲನ್ನು ರೂಢಿಸಿಕೊಂಡಿದೆ. ಆದರೆ ಹತ್ತಾರು ವರ್ಷ ಫಲ ಕೊಡಬೇಕಾದ ದ್ರಾಕ್ಷಿ ಬಳ್ಳಿಯ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಇನ್ನೂ ಸಾಲದಾಗಿದೆ. ನರ್ಸರಿಯವರು ಹೇಳಿದ್ದೇ ಸಸಿಯ ಹೆಸರು. ನೆರೆಯ ತೋಟದಿಂದ ತಂದ ಕಡ್ಡಿಗೆ ನೆರೆಯವರ ಬಾಯಿಮಾತೇ ಆಧಾರ. ತೋಟದಿಂದ ತೋಟಕ್ಕೆ ಹೆಸರು ಸಾಗುತ್ತದೆ. ಅದರೊಡನೆ ತಪ್ಪೂ ಸಾಗುತ್ತದೆ.

ಈ ತಪ್ಪು ಬೆಳಕಿಗೆ ಬರುವುದು ತಡವಾಗಿ. ಸಸಿ ನೆಟ್ಟು, ಕಂಬ ಹುಗಿದು, ತಂತಿ ಎಳೆದು, ಹನಿ ನೀರಾವರಿ ಅಳವಡಿಸಿ, ಮೊದಲ ಗೊನೆ ಕಾಣುವ ಹೊತ್ತಿಗೆ ಬಂಡವಾಳವೆಲ್ಲ ಮಣ್ಣಿಗೆ ಬಿದ್ದಿರುತ್ತದೆ. ನಷ್ಟವು ಬೆಳೆಗಾರನೊಬ್ಬನದೇ ಅಲ್ಲ. ಆ ತೋಟವನ್ನು ನಂಬಿ ಒಪ್ಪಂದ ಮಾಡಿಕೊಂಡ ರಫ್ತುದಾರ, ಒಣದ್ರಾಕ್ಷಿ ಘಟಕದ ಮಾಲೀಕ, ವೈನ್ ತಯಾರಕ, ಶೀತಲ ಗೃಹದವರು, ಎಲ್ಲರೂ ಅದರ ಪಾಲುದಾರರೇ. ಆದುದರಿಂದ ಒಂದನ್ನೊಂದು ಹೋಲುವ ತಳಿಗಳನ್ನು ಬೇರ್ಪಡಿಸಿ ಗುರುತಿಸುವುದು ಸಸ್ಯಶಾಸ್ತ್ರಜ್ಞರ ಕುತೂಹಲಕ್ಕೆ ಸೀಮಿತವಾದ ಸಂಗತಿಯಲ್ಲ. ಅದು ಅಪ್ಪಟ ವಾಣಿಜ್ಯ ವಿಷಯ. ಕಣ್ಣಿನ ಪರೀಕ್ಷೆ ಮತ್ತು ವಂಶವಾಹಿ ಪರೀಕ್ಷೆ ಎರಡನ್ನೂ ಬಳಸಿ, ತಾಯಿಬಳ್ಳಿಯ ಹಂತದಲ್ಲಿಯೇ ಹೆಸರನ್ನು ಖಚಿತಪಡಿಸುವ ಪದ್ಧತಿ ಜಾರಿಗೆ ಬರಬೇಕಾಗಿದೆ. ಹಣ ಕೊಟ್ಟು ಕೊಳ್ಳುವವರು ಒತ್ತಾಯಿಸದ ಹೊರತು ಅದು ಬರಲಾರದು.

ಚಿಲಿ ದೇಶ ಕಲಿತ ಪಾಠ

ಇಂಥ ತಪ್ಪು ಎಷ್ಟು ಕಾಲ, ಎಷ್ಟು ದೊಡ್ಡ ಪ್ರಮಾಣದಲ್ಲಿ ಉಳಿಯಬಲ್ಲುದು ಎಂಬುದಕ್ಕೆ ದಕ್ಷಿಣ ಅಮೆರಿಕದ ಚಿಲಿ ದೇಶ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಜಮೀನುದಾರರು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಿಂದ ದ್ರಾಕ್ಷಿ ಕಡ್ಡಿಗಳನ್ನು ತರಿಸಿ ನೆಟ್ಟರು. ಅವುಗಳಲ್ಲಿ ಮೆರ್ಲೋ ತಳಿಯೂ ಇತ್ತು, ಅದನ್ನು ಬಹುಮಟ್ಟಿಗೆ ಹೋಲುವ ಕಾರ್ಮೆನೇರ್ ತಳಿಯೂ ಇತ್ತು. ಮುಂದೆ ಬೇರು ಹೀರುವ ಫಿಲೋಕ್ಸೆರಾ ಕೀಟದ ಹಾವಳಿಯಿಂದ ಫ್ರಾನ್ಸಿನ ತೋಟಗಳು ನಾಶವಾದವು. ಮರುನೆಡುವಿಕೆಯಲ್ಲಿ ಕಾರ್ಮೆನೇರ್ ಕೈಬಿಟ್ಟುಹೋಗಿ, ತವರಿನಲ್ಲಿಯೇ ಹೆಚ್ಚುಕಡಿಮೆ ಕಣ್ಮರೆಯಾಯಿತು. ಫಿಲೋಕ್ಸೆರಾ ತಲುಪದ ಚಿಲಿಯಲ್ಲಿ ಮಾತ್ರ ಅದು ಮೆರ್ಲೋ ಬಳ್ಳಿಗಳ ನಡುವೆ, ಮೆರ್ಲೋ ಎಂಬ ಹೆಸರಿನಲ್ಲಿಯೇ ಬೆಳೆಯುತ್ತಿತ್ತು.

1994ರ ನವೆಂಬರ್ 24ರಂದು ಫ್ರಾನ್ಸಿನ ತಳಿತಜ್ಞ ಜಾನ್-ಮಿಶೆಲ್ ಬೂರ್ಸಿಕೊ ಅವರು ಚಿಲಿಯ ಮೈಪೋ ಕಣಿವೆಯ ತೋಟವೊಂದರಲ್ಲಿ ಈ ಬಳ್ಳಿಗಳನ್ನು ಕಂಡು, ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದು ಗುರುತಿಸಿದರು. ನಂತರದ ಡಿ.ಎನ್.ಎ. ಪರೀಕ್ಷೆಗಳು ಅವರ ಮಾತನ್ನು ದೃಢಪಡಿಸಿದವು. 1998ರಲ್ಲಿ ಚಿಲಿ ಸರ್ಕಾರ ಈ ತಳಿಗೆ ಅಧಿಕೃತ ಮಾನ್ಯತೆ ನೀಡಿತು.

ಇದರಲ್ಲಿ ವ್ಯಾಪಾರಿಗಳು ಗಮನಿಸಬೇಕಾದ ಅಂಶವಿದೆ. ಕಾರ್ಮೆನೇರ್ ಹಣ್ಣು ಮೆರ್ಲೋಗಿಂತ ಕೆಲವು ವಾರ ತಡವಾಗಿ ಮಾಗುತ್ತದೆ. ಎರಡೂ ಬೆರೆತ ತೋಟದಲ್ಲಿ ಒಂದೇ ದಿನ ಕೊಯ್ಲು ಮಾಡಿದರೆ ಒಂದು ಅತಿಯಾಗಿ ಮಾಗಿರುತ್ತದೆ ಅಥವಾ ಮತ್ತೊಂದು ಹಸಿಯಾಗಿರುತ್ತದೆ. ಚಿಲಿಯ ಮೆರ್ಲೋ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಇರುತ್ತದೆ ಎಂಬ ದೂರಿಗೆ ಒಂದು ಕಾರಣ ಇದೇ ಆಗಿತ್ತು. ಹೆಸರು ಸರಿಯಾದ ಬಳಿಕ ಎರಡನ್ನೂ ಬೇರೆಬೇರೆಯಾಗಿ ಬೆಳೆದು, ಬೇರೆಬೇರೆಯಾಗಿ ಕೊಯ್ದು, ಕಾರ್ಮೆನೇರನ್ನೇ ದೇಶದ ಹೆಗ್ಗುರುತಾಗಿ ಚಿಲಿ ಜಗತ್ತಿಗೆ ಮಾರಿತು. ತಪ್ಪಿನಿಂದ ಚಿಲಿಗೆ ಲಾಭವಾಯಿತೆಂದು ವಾದಿಸುವವರಿದ್ದಾರೆ. ವಾಸ್ತವವಾಗಿ ಲಾಭ ಬಂದದ್ದು ತಪ್ಪಿನಿಂದಲ್ಲ, ಅದನ್ನು ತಿದ್ದಿಕೊಂಡದ್ದರಿಂದ.

ಇದೇ ಕಾರ್ಮೆನೇರ್ ಉತ್ತರ ಇಟಲಿಯಲ್ಲಿ ಕ್ಯಾಬರ್ನೇ ಫ್ರಾಂಕ್ ಎಂಬ ಹೆಸರಿನಲ್ಲಿಯೂ, ಚೀನಾದಲ್ಲಿ ಕ್ಯಾಬರ್ನೇ ಗೆರ್ನಿಶ್ಟ್ ಎಂಬ ಹೆಸರಿನಲ್ಲಿಯೂ ಬೆಳೆಯುತ್ತಿದ್ದುದು ಕ್ರಮೇಣ ಹೊರಬಿದ್ದಿತು. ಆಸ್ಟ್ರೇಲಿಯಾದ ಅನುಭವ ಇನ್ನೂ ಕಹಿಯಾದುದು. ಸ್ಪೇನಿನಿಂದ ಅಲ್ಬರೀನ್ಯೊ ಎಂದು ತರಿಸಿಕೊಂಡ ಬಳ್ಳಿಯನ್ನು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ತಳಿಸಂಗ್ರಹದಿಂದ ಪಡೆದು, ನರ್ಸರಿಗಳು ಹಂಚಿ, ಬೆಳೆಗಾರರು ನೆಟ್ಟು, ವೈನ್ ತಯಾರಕರು ಆ ಹೆಸರಿನಲ್ಲಿಯೇ ಮಾರುಕಟ್ಟೆ ಕಟ್ಟಿದರು. 2008ರಲ್ಲಿ ಅನುಮಾನ ಮೂಡಿತು, 2009ರಲ್ಲಿ ಡಿ.ಎನ್.ಎ. ಪರೀಕ್ಷೆ ಅದು ಅಲ್ಬರೀನ್ಯೊ ಅಲ್ಲ, ಸಾವಾನ್ಯಾನ್ ಎಂಬ ಬೇರೆಯೇ ತಳಿ ಎಂದು ಸಾರಿತು. ಲೇಬಲ್ಲುಗಳನ್ನು ಬದಲಾಯಿಸಬೇಕಾಯಿತು, ಗ್ರಾಹಕರಿಗೆ ಹೊಸ ಹೆಸರನ್ನು ಮೊದಲಿನಿಂದ ಪರಿಚಯಿಸಬೇಕಾಯಿತು. ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ ಎಂಬುದು ಗಮನಾರ್ಹ. ಸರಪಳಿಯ ಮೊದಲ ಕೊಂಡಿಯಲ್ಲಿ ಪರೀಕ್ಷೆ ತಪ್ಪಿದ್ದರಿಂದ ಕೊನೆಯ ಕೊಂಡಿಯವರು ಬೆಲೆ ತೆತ್ತರು.

ಕಣ್ಣಿನ ಪರೀಕ್ಷೆ: ಯಾವುದನ್ನು ನೋಡಬೇಕು

ಬಳ್ಳಿಯ ಹೊರಲಕ್ಷಣಗಳಿಂದ ತಳಿಯನ್ನು ಗುರುತಿಸುವ ವಿದ್ಯೆಗೆ ಆಂಪೆಲೋಗ್ರಫಿ ಎಂದು ಹೆಸರು. ಫ್ರಾನ್ಸಿನ ಮೋಂಪೆಲಿಯೇ ನಗರದ ಪಿಯೇರ್ ಗಾಲೆ ಅವರು ಎಲೆಯ ನರಗಳ ಉದ್ದ, ಅವುಗಳ ನಡುವಣ ಕೋನ, ಹಾಲೆಗಳ ಆಳ ಮುಂತಾದವನ್ನು ಅಳೆದು ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. 1980ರಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಭೇಟಿ ನೀಡಿದಾಗ, ಅಲ್ಲಿ ಪಿನೋ ಬ್ಲಾಂಕ್ ಎಂದು ಬೆಳೆಯುತ್ತಿದ್ದ ಬಳ್ಳಿಯನ್ನು ಮೆಲೋನ್ ಎಂಬ ಬೇರೆ ತಳಿಯೆಂದು ಗುರುತಿಸಿದ್ದರು.

ಸಾಮಾನ್ಯವಾಗಿ ವ್ಯಾಪಾರಿಯ ಕಣ್ಣು ಹೋಗುವುದು ಹಣ್ಣಿನ ಕಡೆಗೆ: ಕಾಳಿನ ಗಾತ್ರ, ಉದ್ದ, ಬಣ್ಣ, ಗೊನೆಯ ತೂಕ. ಆದರೆ ತಳಿಯ ಗುರುತಿಗೆ ಇವು ನೆಚ್ಚಿಕೆಗೆ ಅರ್ಹವಾದ ಲಕ್ಷಣಗಳಲ್ಲ. ಜಿಬ್ಬರೆಲಿಕ್ ಆಮ್ಲದ ಸಿಂಪರಣೆ ಅಥವಾ ಅದ್ದುವಿಕೆಯಿಂದ ಕಾಳು ಉದ್ದವಾಗುತ್ತದೆ. ಗೊನೆ ವಿರಳಗೊಳಿಸುವುದರಿಂದಲೂ, ಕಾಂಡದ ತೊಗಟೆಯನ್ನು ಉಂಗುರದಂತೆ ತೆಗೆಯುವುದರಿಂದಲೂ ಗಾತ್ರ ಹೆಚ್ಚುತ್ತದೆ. ನೀರು, ಗೊಬ್ಬರ, ಬಿಸಿಲು ಬದಲಾದರೆ ಬಣ್ಣವೂ ಬದಲಾಗುತ್ತದೆ. ವಿಜಯಪುರ, ಬಾಗಲಕೋಟೆಯ ಬೆಳೆಗಾರರಿಗೆ ಇದೆಲ್ಲ ದಿನನಿತ್ಯದ ಅನುಭವ. ಉದ್ದ ಕಾಳನ್ನು ಕಂಡ ಮಾತ್ರಕ್ಕೆ ಇದು ಇಂಥದೇ ತಳಿ ಎಂದು ಚೀಟಿ ಅಂಟಿಸುವುದು ಸಾಹಸವೇ ಸರಿ.

ಹೆಚ್ಚು ನಂಬಬಹುದಾದ ಲಕ್ಷಣಗಳು ಬೇರೆಡೆ ಇವೆ. ಎಳೆಯ ಚಿಗುರಿನ ತುದಿ ಬಿಚ್ಚಿಕೊಂಡಿದೆಯೇ ಮುಚ್ಚಿಕೊಂಡಿದೆಯೇ, ಅದರ ಮೇಲಿನ ರೋಮ ದಟ್ಟವೋ ವಿರಳವೋ, ಎಳೆಯ ಎಲೆಯ ಬಣ್ಣ ಹಸಿರೋ ತಾಮ್ರವರ್ಣವೋ, ಬಲಿತ ಎಲೆಗೆ ಎಷ್ಟು ಹಾಲೆಗಳು, ತೊಟ್ಟು ಸೇರುವಲ್ಲಿನ ಕಚ್ಚು ತೆರೆದಿದೆಯೇ, ಅಂಚಿನ ಹಲ್ಲುಗಳು ಮೊನಚೋ ದುಂಡೋ ಎಂಬುದನ್ನು ನೋಡಬೇಕು. ಮೆರ್ಲೋ ಬಳ್ಳಿಯ ಎಳೆಯ ಎಲೆ ಬಿಳಿಯ ರೋಮದಿಂದ ಕೂಡಿದ್ದರೆ, ಕಾರ್ಮೆನೇರ್‌ನ ಎಳೆಯ ಎಲೆಯ ತಳಭಾಗದಲ್ಲಿ ಕೆಂಪು ಛಾಯೆ ಕಾಣುತ್ತದೆ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯು ಇಂಥ ಲಕ್ಷಣಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದೆ. ಅದರ ಪ್ರಕಾರ ದಾಖಲಿಸಿದ ವಿವರವನ್ನು ಯಾವ ದೇಶದ ತಜ್ಞರಾದರೂ ಓದಬಹುದು.

ಬೆಂಗಳೂರಿನ ಸುತ್ತಮುತ್ತಲ ತೋಟಗಳ ಬೆಂಗಳೂರು ಬ್ಲೂ ಈ ವಿದ್ಯೆಗೆ ಸುಲಭವಾದ ಉದಾಹರಣೆ. ಭೌಗೋಳಿಕ ಸೂಚಕವಾಗಿ ನೋಂದಣಿ ಪಡೆದಿರುವ ಈ ದ್ರಾಕ್ಷಿಯನ್ನು ಉತ್ತರ ಅಮೆರಿಕ ಮೂಲದ ಇಸಬೆಲ್ಲಾ ತಳಿಯೆಂದೇ ತಜ್ಞರು ಪರಿಗಣಿಸುತ್ತಾರೆ. ದಪ್ಪನೆಯ ಎಲೆ, ಎಲೆಯ ತಳಭಾಗದಲ್ಲಿ ಉಣ್ಣೆಯಂಥ ರೋಮ, ತಿರುಳಿನಿಂದ ಸುಲಭವಾಗಿ ಜಾರಿ ಬರುವ ಸಿಪ್ಪೆ, ವಿಶಿಷ್ಟವಾದ ಘಾಟು ಪರಿಮಳ, ಇವುಗಳಿಂದ ಯೂರೋಪಿನ ಕುಲಕ್ಕೆ ಸೇರಿದ ಥಾಮ್ಸನ್ ಮೊದಲಾದ ತಳಿಗಳಿಂದ ಅದನ್ನು ಬೇರೆ ಮಾಡಬಹುದು. ಕುಲವೇ ಬೇರೆಯಾದಾಗ ಕಣ್ಣು ಸೋಲುವುದಿಲ್ಲ. ಒಂದೇ ಕುಲದ, ಒಂದೇ ಮನೆತನದ ತಳಿಗಳ ನಡುವೆ ಆಯ್ಕೆ ಮಾಡಬೇಕಾದಾಗ ಮಾತ್ರ ನುರಿತ ಕಣ್ಣೂ ತಡವರಿಸುತ್ತದೆ. ಅಲ್ಲದೆ ಕಣ್ಣಿಗೆ ಎಲೆ ಬೇಕು, ಋತು ಬೇಕು; ಚಾಟಣಿಯಾದ ಬಳಿಕ ಕಟ್ಟು ಕಟ್ಟಿದ ಬರಿಯ ಕಡ್ಡಿಗಳ ಮುಂದೆ ಅದು ಅಸಹಾಯಕ.

ವಂಶವಾಹಿ ಪರೀಕ್ಷೆ: ಅದು ಹೇಗೆ ನಡೆಯುತ್ತದೆ

ದ್ರಾಕ್ಷಿಯ ಡಿ.ಎನ್.ಎ. ಎಳೆಯಲ್ಲಿ ಕೆಲವೆಡೆ ಎರಡು-ಮೂರು ಅಕ್ಷರಗಳ ಚಿಕ್ಕ ತುಣುಕು ಮತ್ತೆ ಮತ್ತೆ ಪುನರಾವರ್ತನೆಗೊಂಡಿರುತ್ತದೆ. ಈ ಪುನರಾವರ್ತನೆಯ ಸಂಖ್ಯೆ ತಳಿಯಿಂದ ತಳಿಗೆ ಭಿನ್ನವಾಗಿರುತ್ತದೆ. ಅಂಥ ತಾಣಗಳಿಗೆ ಮೈಕ್ರೋಸ್ಯಾಟಲೈಟ್ ಎಂದು ಹೆಸರು. 1993ರಿಂದೀಚೆಗೆ ದ್ರಾಕ್ಷಿಯಲ್ಲಿ ಇವುಗಳ ಬಳಕೆ ಆರಂಭವಾಯಿತು. ಪ್ರತಿ ತಾಣದಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಅಳತೆಗಳು ದೊರೆಯುತ್ತವೆ. ಕೆಲವೇ ತಾಣಗಳ ಅಳತೆಗಳನ್ನು ಸಾಲಾಗಿ ಬರೆದರೆ ಅದೇ ಆ ತಳಿಯ ಬೆರಳಚ್ಚು. ಮೇಲೆ ಹೇಳಿದ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೇ 801ರಿಂದ 806ರವರೆಗಿನ ಆರು ಸಂಖ್ಯೆಗಳನ್ನು ಇಂಥ ತಾಣಗಳಿಗೆ ನಿಗದಿ ಮಾಡಲಾಗಿದೆ.

ಈ ವಿಧಾನದ ಶಕ್ತಿ 1997ರಲ್ಲಿ ಜಗತ್ತಿಗೆ ಗೊತ್ತಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಜಾನ್ ಬವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ ಅವರು, ಪ್ರಸಿದ್ಧ ಕ್ಯಾಬರ್ನೇ ಸೋವಿನ್ಯೋನ್ ತಳಿಯು ಕ್ಯಾಬರ್ನೇ ಫ್ರಾಂಕ್ ಹಾಗೂ ಸೋವಿನ್ಯೋನ್ ಬ್ಲಾಂಕ್ ತಳಿಗಳ ಸಂತಾನವೆಂದು ತೋರಿಸಿಕೊಟ್ಟರು. ಕಪ್ಪು ಹಣ್ಣಿನ ಬಳ್ಳಿಗೆ ಬಿಳಿ ಹಣ್ಣಿನ ಬಳ್ಳಿ ತಾಯಿಯೋ ತಂದೆಯೋ ಆಗಿದ್ದೀತೆಂದು ಹೊರನೋಟದಿಂದ ಹೇಳುವುದು ಸಾಧ್ಯವಿರಲಿಲ್ಲ.

ವ್ಯಾಪಾರಿಯ ದೃಷ್ಟಿಯಿಂದ ಈ ಪರೀಕ್ಷೆಗೆ ಮೂರು ಅನುಕೂಲಗಳಿವೆ. ಮೊದಲನೆಯದಾಗಿ, ಅದಕ್ಕೆ ಋತುವಿನ ಹಂಗಿಲ್ಲ. ಎಲೆಯಾದರೂ ಸರಿ, ಕಡ್ಡಿಯಾದರೂ ಸರಿ. ಎರಡನೆಯದಾಗಿ, ಅದು ಗೊಬ್ಬರ, ನೀರು, ಔಷಧಗಳಿಂದ ಬದಲಾಗುವುದಿಲ್ಲ. ಮೂರನೆಯದಾಗಿ, ನೆಲದ ಕೆಳಗಿನ ಬೇರನ್ನೂ ಅದು ಪರೀಕ್ಷಿಸಬಲ್ಲುದು. ಇಂದು ಉತ್ತರ ಕರ್ನಾಟಕದ ತೋಟಗಳಲ್ಲಿ ಡಾಗ್‌ರಿಜ್ ಬೇರಿನ ಮೇಲೆ ಕಸಿ ಮಾಡುವುದು ರೂಢಿ. ಕಸಿ ಕೂಡಿದ ಬಳಿಕ ಮೇಲಿನ ಎಲೆಗಳು ಕೆಳಗಿನ ಬೇರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬರ ಮತ್ತು ಸವಳು ತಡೆಯಲೆಂದು ಹೆಚ್ಚಿನ ಬೆಲೆ ಕೊಟ್ಟು ಕೊಂಡ ಬೇರು ನಿಜವಾಗಿ ಅದೇ ಹೌದೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು.

ಪ್ರಯೋಗಾಲಯಕ್ಕೂ ಕಾಣದ ಭೇದ

ಹಾಗೆಂದು ಡಿ.ಎನ್.ಎ. ವರದಿಯೊಂದನ್ನೇ ಪ್ರಮಾಣವೆಂದು ತಿಳಿಯುವುದೂ ಸರಿಯಲ್ಲ. ದ್ರಾಕ್ಷಿಯನ್ನು ಕಡ್ಡಿಯಿಂದ ಬೆಳೆಸುವುದರಿಂದ ಒಂದು ತಳಿಯ ಎಲ್ಲ ಬಳ್ಳಿಗಳೂ ಮೂಲತಃ ಒಂದೇ ಬಳ್ಳಿಯ ಮುಂದುವರಿಕೆ. ಯಾವುದೋ ಒಂದು ಮೊಗ್ಗಿನಲ್ಲಿ ಸಣ್ಣ ಮಾರ್ಪಾಡಾಗಿ, ಆ ರೆಂಬೆ ಮಾತ್ರ ಬೇರೆ ಬಣ್ಣದ ಅಥವಾ ಬೇರೆ ಆಕಾರದ ಹಣ್ಣು ಬಿಟ್ಟರೆ, ಅದನ್ನು ಆಯ್ದು ಹೊಸ ಹೆಸರಿನಲ್ಲಿ ಬೆಳೆಸುತ್ತಾರೆ. ಪಿನೋ ನ್ವಾರ್ ಕಪ್ಪು, ಪಿನೋ ಗ್ರೀ ಬೂದುಗೆಂಪು, ಪಿನೋ ಬ್ಲಾಂಕ್ ಬಿಳಿ. ಆದರೂ ಸಾಮಾನ್ಯ ಮೈಕ್ರೋಸ್ಯಾಟಲೈಟ್ ಪರೀಕ್ಷೆಯಲ್ಲಿ ಮೂರರ ಬೆರಳಚ್ಚೂ ಒಂದೇ. ಮಗುವಿಗೂ ಕಾಣುವ ಬಣ್ಣ ಈ ಪರೀಕ್ಷೆಗೆ ಕಾಣುವುದಿಲ್ಲ.

ನಮ್ಮ ಮಾರುಕಟ್ಟೆಗೆ ಇದು ನೇರವಾಗಿ ಸಂಬಂಧಿಸಿದ್ದು. ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಭಾಗದಲ್ಲಿ ಆಯ್ಕೆಗೊಂಡ ತಾಸ್-ಎ-ಗಣೇಶ್, ಸೊಲ್ಲಾಪುರ ಜಿಲ್ಲೆಯ ಸೋನಾಕಾ, ಮಾಣಿಕ್ ಚಮನ್, ಇವೆಲ್ಲ ಥಾಮ್ಸನ್ ಸೀಡ್‌ಲೆಸ್ ಮನೆತನದವು. ಬೆಂಗಳೂರು ಭಾಗದ ದಿಲ್‌ಖುಶ್ ಅನಾಬ್-ಎ-ಶಾಹಿಯಿಂದ ಬಂದ ಆಯ್ಕೆ. ಕಾಳಿನ ಉದ್ದ, ಆಕಾರಗಳಿಂದ ಇವುಗಳಿಗೆ ಮಾರುಕಟ್ಟೆಯಲ್ಲಿ ಬೇರೆಬೇರೆ ಹೆಸರು, ಬೇರೆಬೇರೆ ದರ. ಆದರೆ ಆರು ತಾಣಗಳ ಸಾಮಾನ್ಯ ಪರೀಕ್ಷೆ ಇವುಗಳನ್ನು ಮೂಲ ತಳಿಯಿಂದ ಬೇರ್ಪಡಿಸಿ ತೋರಿಸುವುದೆಂದು ನಿರೀಕ್ಷಿಸುವಂತಿಲ್ಲ. ಸಂಪೂರ್ಣ ಜೀನೋಮ್ ಓದುವ ವಿಧಾನದಿಂದ ಒಂದೇ ತಳಿಯ ಆಯ್ಕೆಗಳ ನಡುವಣ ಸೂಕ್ಷ್ಮ ಭೇದವನ್ನೂ ಹಿಡಿಯಬಹುದೆಂದು 2018ರಲ್ಲಿ ಪ್ರಕಟವಾದ ಶಾರ್ಡೊನೇ ತಳಿಯ ಅಧ್ಯಯನ ತೋರಿಸಿದೆ. ಆದರೆ ಅದು ನರ್ಸರಿಯ ದಿನನಿತ್ಯದ ಸಾಧನವಲ್ಲ.

ಆದುದರಿಂದ ಯಾವ ಪ್ರಶ್ನೆಗೆ ಯಾವ ಪರೀಕ್ಷೆ ಎಂಬುದನ್ನು ಕೊಳ್ಳುವವರು ಅರಿತಿರಬೇಕು. ಮನೆತನ ಯಾವುದು ಎಂಬುದಕ್ಕೆ ಪ್ರಯೋಗಾಲಯ; ಆ ಮನೆತನದಲ್ಲಿ ಯಾವ ಆಯ್ಕೆ ಎಂಬುದಕ್ಕೆ, ಔಷಧ ಸಿಂಪಡಿಸದೆ ಬಿಟ್ಟ ತಾಯಿಬಳ್ಳಿಯ ಹಣ್ಣನ್ನು ಒಂದಕ್ಕಿಂತ ಹೆಚ್ಚು ಹಂಗಾಮಿನಲ್ಲಿ ನೋಡಿದ ಕಣ್ಣು. ಎರಡರಲ್ಲಿ ಒಂದನ್ನು ಬಿಟ್ಟರೆ ಗುರುತು ಅರ್ಧ ಮಾತ್ರ. ಡಿ.ಎನ್.ಎ. ವರದಿ ತೋರಿಸಿ ಅಪ್ಪಟ ಸೋನಾಕಾ ಎಂದು ಮಾರುವವರನ್ನೂ, ಉದ್ದ ಕಾಳು ತೋರಿಸಿ ಹಾಗೆಯೇ ಮಾರುವವರನ್ನೂ ಸಮಾನ ಸಂಶಯದಿಂದ ಕಾಣಬೇಕು.

ಗೊನೆ ಕೊಯ್ದ ಮೇಲೆ ತಡ

ಸಸಿಯಲ್ಲಿ ತಪ್ಪಿದ್ದನ್ನು ಮುಂದೆ ಸರಕಿನಲ್ಲಿ ಹಿಡಿದರಾಯಿತು ಎಂಬ ಭಾವನೆ ಕೆಲವರಲ್ಲಿದೆ. ಅದು ಅಷ್ಟು ಸುಲಭವಲ್ಲ. ಹುದುಗುವಿಕೆ, ಸೋಸುವಿಕೆಗಳ ಬಳಿಕ ವೈನಿನಲ್ಲಿ ಉಳಿಯುವ ಡಿ.ಎನ್.ಎ. ಅತ್ಯಲ್ಪ, ಅದೂ ಛಿದ್ರವಾದುದು. ದಕ್ಷಿಣ ಫ್ರಾನ್ಸಿನ ವರ್ತಕರು ಅಗ್ಗದ ಮೆರ್ಲೋ, ಸಿರಾ ವೈನುಗಳನ್ನು ಪಿನೋ ನ್ವಾರ್ ಎಂದು ಅಮೆರಿಕದ ದೊಡ್ಡ ಕಂಪನಿಯೊಂದಕ್ಕೆ ಮಾರಿದ ಪ್ರಕರಣದಲ್ಲಿ 2010ರ ಫೆಬ್ರುವರಿಯಲ್ಲಿ ಕಾರ್ಕಸೋನ್ ನಗರದ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಘೋಷಿಸಿತು. ಆ ವಂಚನೆ ಬಯಲಾದದ್ದು ಲೆಕ್ಕಪತ್ರಗಳಿಂದ: ಮಾರಿದ ಪ್ರಮಾಣವು ಆ ಪ್ರದೇಶದಲ್ಲಿ ಬೆಳೆಯುತ್ತಿದ್ದ ಪಿನೋ ನ್ವಾರ್‌ಗಿಂತ ಹೆಚ್ಚಾಗಿತ್ತು. ಬಾಟಲಿ ಬಾಯಿ ಬಿಡಲಿಲ್ಲ, ಖಾತೆ ಪುಸ್ತಕ ಬಾಯಿ ಬಿಟ್ಟಿತು. ಬಳ್ಳಿಯ ಹಂತದಲ್ಲಿ ಗುರುತನ್ನು ಭದ್ರಪಡಿಸಿ, ಅಲ್ಲಿಂದ ಮುಂದೆ ಕಾಗದಪತ್ರಗಳ ಮೂಲಕ ಕಾಯ್ದುಕೊಳ್ಳುವುದೇ ಉಳಿದ ದಾರಿ.

ಹೊಸ ಕಾಲದ ಇನ್ನೊಂದು ಸಂಗತಿಯೂ ಇದೆ. ವಿದೇಶಿ ತಳಿಸಂಸ್ಥೆಗಳು ಹಕ್ಕು ಪಡೆದಿರುವ ಹಲವು ದ್ರಾಕ್ಷಿ ತಳಿಗಳು ಇಂದು ಪರವಾನಗಿಯ ಮೇಲೆ ಭಾರತದಲ್ಲಿ ಬೆಳೆಯುತ್ತಿವೆ. ಪರವಾನಗಿ ಇಲ್ಲದೆ ಹರಡಿದ ಕಡ್ಡಿಯ ಹಣ್ಣು ರಫ್ತಾದರೆ, ಯೂರೋಪಿನ ಒಕ್ಕೂಟದ ಕಾನೂನಿನಂತೆ ತಳಿಯ ಹಕ್ಕುದಾರರು ಹಣ್ಣಿನ ಮೇಲೂ ಹಕ್ಕು ಸಾಧಿಸಬಹುದಾದ ಸಂದರ್ಭಗಳಿವೆ. ಅಲ್ಲಿ ಹೆಸರು ಗೊತ್ತಿರಲಿಲ್ಲ ಎಂಬ ಸಮಜಾಯಿಷಿಯಿಂದ ಸರಕು ಬಿಡುಗಡೆಯಾಗದು.

ಮಾಡಬೇಕಾದುದೇನು

ಕಾನೂನು ಇಲ್ಲವೆಂದು ದೂರುವಂತಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ತಳಿಗಳ ಭಿನ್ನತೆ, ಏಕರೂಪತೆ, ಸ್ಥಿರತೆಗಳನ್ನು ಪರೀಕ್ಷಿಸಿ ನೋಂದಾಯಿಸುವ ಏರ್ಪಾಡು ಮಾಡಿದೆ. ನೋಂದಾಯಿತ ತಳಿಯು ಹೇಳಿದ ಫಲ ನೀಡದಿದ್ದರೆ ಪರಿಹಾರ ಕೇಳುವ ಹಕ್ಕನ್ನೂ ರೈತನಿಗೆ ಕೊಟ್ಟಿದೆ. ಪುಣೆಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟವು 1,765.67 ಕೋಟಿ ರೂಪಾಯಿಗಳ ಶುದ್ಧ ಸಸಿ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿದ್ದು, ಅದರಡಿಯ ಒಂಬತ್ತು ಕೇಂದ್ರಗಳಲ್ಲಿ ದ್ರಾಕ್ಷಿಯ ಕೇಂದ್ರ ಪುಣೆಗೆ ಸಂದಿದೆ. ವೈರಸ್ ರೋಗವಿಲ್ಲದ ಸಸಿ ಒದಗಿಸುವುದು ಅದರ ಪ್ರಧಾನ ಗುರಿ. ರೋಗವಿಲ್ಲದ, ಆದರೆ ಹೆಸರು ತಪ್ಪಾದ ಸಸಿಯಿಂದ ಬೆಳೆಗಾರನಿಗೆ ಪೂರ್ಣ ಪ್ರಯೋಜನವಿಲ್ಲ. ಆರೋಗ್ಯದ ಪ್ರಮಾಣದೊಡನೆ ಗುರುತಿನ ಪ್ರಮಾಣವೂ ಪ್ರತಿ ತಾಯಿಬಳ್ಳಿಗೆ ಜೊತೆಗೂಡಬೇಕೆಂದು ವಾಣಿಜ್ಯ ಸಂಸ್ಥೆಗಳು ಈಗಲೇ ಒತ್ತಾಯಿಸುವುದು ಸಮಯೋಚಿತ.

ಸರ್ಕಾರದ ಆದೇಶಕ್ಕೆ ಕಾಯದೆ ವರ್ತಕರು ಮತ್ತು ಉದ್ದಿಮೆದಾರರು ತಾವೇ ಆರಂಭಿಸಬಹುದಾದ ಕ್ರಮಗಳೂ ಇವೆ.

ಒಂದು: ಸಸಿಯ ಬಿಲ್ಲಿನಲ್ಲಿ ತಳಿಯ ಹೆಸರು, ಆಯ್ಕೆಯ ಹೆಸರು, ಬೇರಿನ ಹೆಸರು, ತಾಯಿಬಳ್ಳಿಯ ಸಂಖ್ಯೆ, ಈ ನಾಲ್ಕನ್ನೂ ಪ್ರತ್ಯೇಕವಾಗಿ ಬರೆಯಿಸಿಕೊಳ್ಳುವುದು.

ಎರಡು: ಧಾನ್ಯದ ವ್ಯಾಪಾರದಲ್ಲಿ ಮಾದರಿಗೆ ಮುದ್ರೆ ಹಾಕಿ ಇಡುವಂತೆ, ಸಸಿ ಕೊಳ್ಳುವಾಗ ಕೆಲವು ಎಲೆಗಳನ್ನು ಒಣಗಿಸಿ, ತೇವ ತಗುಲದ ಪೊಟ್ಟಣದಲ್ಲಿ ಎರಡೂ ಕಡೆಯವರ ಸಹಿಯೊಡನೆ ಇಡುವುದು. ಚೆನ್ನಾಗಿ ಒಣಗಿಸಿದ ಎಲೆಯಲ್ಲಿ ಡಿ.ಎನ್.ಎ. ವರ್ಷಗಟ್ಟಲೆ ಉಳಿಯುತ್ತದೆ. ವಿವಾದ ಬಂದ ದಿನ ಅದೇ ಸಾಕ್ಷಿ.

ಮೂರು: ಹಣ್ಣು, ಒಣದ್ರಾಕ್ಷಿ ಅಥವಾ ವೈನಿಗಾಗಿ ಮುಂಗಡ ಒಪ್ಪಂದ ಮಾಡಿಕೊಳ್ಳುವ ಕಂಪನಿಗಳು, ಪರೀಕ್ಷೆಗೊಳಗಾದ ತಾಯಿಬಳ್ಳಿಯ ಸಸಿ ನೆಟ್ಟ ತೋಟಕ್ಕೆ ದರದಲ್ಲಿ ಆದ್ಯತೆ ನೀಡುವುದು. ಶಿಕ್ಷೆಯ ಭಯಕ್ಕಿಂತ ಬೆಲೆಯ ಆಸೆ ಬೇಗ ಕೆಲಸ ಮಾಡುತ್ತದೆ.

ಇದಕ್ಕೆಲ್ಲ ಖರ್ಚು ಯಾರು ಭರಿಸಬೇಕು ಎಂಬ ಪ್ರಶ್ನೆ ಸಹಜ. ಪ್ರತಿ ಸಸಿಯನ್ನೂ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದರೆ ಸಣ್ಣ ನರ್ಸರಿಗಳು ಮುಚ್ಚಬೇಕಾದೀತು, ನಿಜ. ಆದರೆ ಪರೀಕ್ಷೆ ಆಗಬೇಕಾದುದು ಸಸಿಗಲ್ಲ, ತಾಯಿಬಳ್ಳಿಗೆ. ಒಂದು ತಾಯಿಬಳ್ಳಿಯಿಂದ ವರ್ಷ ವರ್ಷವೂ ತೆಗೆದ ಕಡ್ಡಿಗಳೆಲ್ಲ ಅದರ ಗುರುತನ್ನೇ ಹೊತ್ತಿರುತ್ತವೆ. ಹಂಚಿಕೊಂಡರೆ ಸಸಿಯೊಂದರ ಮೇಲೆ ಬೀಳುವ ವೆಚ್ಚ ಅತ್ಯಲ್ಪ. ಹಲವು ಸಣ್ಣ ನರ್ಸರಿಗಳು ಸೇರಿ ಒಂದು ಸಾಮಾನ್ಯ ತಾಯಿತೋಟವನ್ನು ಇಟ್ಟುಕೊಂಡರೆ ಅದೂ ತಗ್ಗುತ್ತದೆ. ಕಡ್ಡಿ ಕತ್ತರಿಸಿ ಕಟ್ಟು ಕಟ್ಟುವಾಗ ಚೀಟಿಗಳು ಅದಲುಬದಲಾಗದಂತೆ ನೋಡಿಕೊಳ್ಳುವ ಶಿಸ್ತು ಮಾತ್ರ ನರ್ಸರಿಯವರದೇ ಆಗಿರಬೇಕು. ಅದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ.

ದ್ರಾಕ್ಷಿಗೆ ತೂಕ ತಪ್ಪಾದರೆ ತಕ್ಕಡಿಯನ್ನು ಪ್ರಶ್ನಿಸುವ ವ್ಯಾಪಾರಿ, ಹೆಸರು ತಪ್ಪಾದಾಗ ವಿಧಿಯನ್ನು ಹಳಿದು ಸುಮ್ಮನಾಗುವುದು ಸಲ್ಲದು. ಚಿಲಿಯವರಿಗೆ ಒಂದು ಶತಮಾನಕ್ಕೂ ಮಿಗಿಲಾದ ಕಾಲ ಬೇಕಾಯಿತು, ಆಗ ಡಿ.ಎನ್.ಎ. ಪರೀಕ್ಷೆ ಇರಲಿಲ್ಲ ಎಂಬ ನೆಪ ಅವರಿಗಿತ್ತು. ಇಂದು ಆ ನೆಪ ಯಾರಿಗೂ ಇಲ್ಲ. ಮುಂದಿನ ನಾಟಿಯ ಹಂಗಾಮಿನಲ್ಲಿ ಸಸಿಗೆ ಮುಂಗಡ ಕೊಡುವ ಮೊದಲು, ತಾಯಿಬಳ್ಳಿ ಯಾವುದು ಮತ್ತು ಅದನ್ನು ಪರೀಕ್ಷಿಸಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬ ಖರೀದಿದಾರರೂ ಕೇಳತೊಡಗಿದರೆ, ಉತ್ತರ ಸಿದ್ಧವಾಗಿಟ್ಟುಕೊಳ್ಳದೆ ನರ್ಸರಿಗಳಿಗೆ ಬೇರೆ ದಾರಿ ಇರುವುದಿಲ್ಲ.